ಹನ್ನೊಂದನೆಯ ಸೆಕೆಂಡು

ನಮ್ಮ ಆಫೀಸಿನಲ್ಲಿ ಫೋನ್ ಎತ್ತುವವಳು ನಾನು. ಹದಿನೇಳು ವರ್ಷದಿಂದ ಎತ್ತುತ್ತಿದ್ದೇನೆ. ಇವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇರುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಬೆಳಿಗ್ಗೆ ಎಂಟೂವರೆಗೆ ಹಿಂದೆ ಹತ್ತು ಲಾರಿ ಹಾರ್ನ್ ಹೊಡೆಯುತ್ತಿರುವಾಗ "ನಿಮ್ಮ ಸಾಫ್ಟ್‌ವೇರ್ ಕೈ ಕೊಡ್ತು ಕಣಮ್ಮ" ಎಂದು ಕೂಗುವವರ ಜೊತೆ ದಿನಾ ಮಾತಾಡಿ ನೋಡಿ, ನಿಮ್ಮ ಕೋಪವೂ ಅಲ್ಲೇ ಬಂದು ಕೂರುತ್ತದೆ. ಇರಲಿ. ನಾನು ಹೇಳಹೊರಟಿದ್ದು ನನ್ನ ವಿಷಯವಲ್ಲ, ನನ್ನ ಎದುರು ಮೇಜಿನ ಅಕ್ಕನ ವಿಷಯ.

ನಾವು ಮಾಡುವುದು ವೇಬ್ರಿಡ್ಜ್‌ಗಳಿಗೆ ಬೇಕಾದ ಸಾಫ್ಟ್‌ವೇರ್. ವೇಬ್ರಿಡ್ಜ್ ಎಂದರೆ ನೆಲಕ್ಕೆ ಹಾಸಿದ ದೊಡ್ಡ ಕಬ್ಬಿಣದ ತಕ್ಕಡಿ. ಲಾರಿ ಬಂದು ಅದರ ಮೇಲೆ ನಿಲ್ಲುತ್ತದೆ. ಪಕ್ಕದ ಕೋಣೆಯಲ್ಲಿರುವ ತೂಕದ ಡಬ್ಬಿ ಕೆಂಪು ಅಂಕಿಗಳಲ್ಲಿ ಇಷ್ಟು ಎಂದು ತೋರಿಸುತ್ತದೆ. ಡಬ್ಬಿಯಿಂದ ಒಂದು ವೈರು ಕಂಪ್ಯೂಟರಿಗೆ ಹೋಗುತ್ತದೆ, ಕಂಪ್ಯೂಟರಿನಿಂದ ಚೀಟಿ ಹೊರಗೆ ಬರುತ್ತದೆ. ಕ್ವಾರಿ, ಇಟ್ಟಿಗೆ ಗೂಡು, ಗುಜರಿ ಅಂಗಡಿ, ಧಾನ್ಯದ ಗೋದಾಮು, ಇವೇ ನಮ್ಮ ಗಿರಾಕಿಗಳು. ಆಫೀಸು ಒಂದು ಟೈರ್ ಅಂಗಡಿಯ ಮೇಲಿದೆ. ಮೆಟ್ಟಿಲು ಹತ್ತುವಾಗ ಸುಟ್ಟ ರಬ್ಬರಿನ ವಾಸನೆ ಸೀರೆಗೆ ಹತ್ತಿಕೊಂಡರೆ ಮನೆ ತನಕ ಬಿಡುವುದಿಲ್ಲ.

ಸಾಫ್ಟ್‌ವೇರ್ ಬರೆಯುವವರು ಒಳಗಿನ ಕೋಣೆಯಲ್ಲಿದ್ದಾರೆ. ಅಕ್ಕನ ಕೆಲಸ ಅದರ ನಂತರದ್ದು. ಬರೆದದ್ದನ್ನು ಗಿರಾಕಿಯ ಕಂಪ್ಯೂಟರಿನಲ್ಲಿ ಕೂರಿಸುವ ಒಂದು ಫೈಲು ಇರುತ್ತದಲ್ಲ, "ಮುಂದೆ", "ಮುಂದೆ", "ಮುಗಿಸು" ಎಂದು ಒತ್ತುತ್ತಾ ಹೋಗುತ್ತೀರಲ್ಲ, ಆ ಇನ್‌ಸ್ಟಾಲರ್ ಕಟ್ಟುವವರು ಅಕ್ಕ. ಯಾವ ಫೈಲು ಎಲ್ಲಿಗೆ ಹೋಗಬೇಕು, ಹಳೆಯದನ್ನು ಏನು ಮಾಡಬೇಕು, ವೈರು ಯಾವ ಕಿಂಡಿಯಲ್ಲಿದೆ ಎಂದು ಹೇಗೆ ಹುಡುಕಬೇಕು, ಎಲ್ಲವನ್ನೂ ಅದಕ್ಕೆ ಹೇಳಿಕೊಡಬೇಕು. ಚೆನ್ನಾಗಿ ಮಾಡಿದರೆ ಯಾರ ಕಣ್ಣಿಗೂ ಬೀಳದ ಕೆಲಸ. ಕೆಟ್ಟರೆ ಮಾತ್ರ ನನ್ನ ಫೋನ್ ಬಡಿದುಕೊಳ್ಳುತ್ತದೆ.

ಅಕ್ಕನಿಗಿಂತ ಮುಂಚೆ ಆ ಕೆಲಸ ಮಾಡುತ್ತಿದ್ದವರು ಅವರ ಸ್ವಂತ ಅಣ್ಣ. ನಾವೆಲ್ಲ ಅವರನ್ನು ದೊಡ್ಡಣ್ಣ ಎನ್ನುತ್ತಿದ್ದೆವು. ಎಂಟು ವರ್ಷ ದೊಡ್ಡವರು. ಚಿಕ್ಕಂದಿನಲ್ಲಿ ಅವರು ಮನೆಯ ಅಲಾರಂ ಗಡಿಯಾರ ಬಿಚ್ಚಿದರೆ ಸ್ಕ್ರೂಗಳನ್ನು ಸಾಲಾಗಿ ಬೆಂಕಿಪೊಟ್ಟಣಗಳಲ್ಲಿ ಹಾಕಿಟ್ಟುಕೊಂಡು ಕೂರುವುದು ತಂಗಿಯ ಕೆಲಸವಾಗಿತ್ತಂತೆ. "ಬಿಚ್ಚೋದು ಯಾರು ಬೇಕಾದ್ರೂ ಬಿಚ್ತಾರೆ, ಯಾವುದು ಯಾವುದರ ಹಿಂದೆ ಅಂತ ನೆನಪಿಟ್ಕೊಳ್ಳೋಳು ನೀನು" ಎಂದು ಹೇಳಿ ಹೇಳಿಯೇ ಅವರು ತಂಗಿಯನ್ನು ಇದೇ ಕೆಲಸಕ್ಕೆ ಎಳೆದು ತಂದರು. ಅಣ್ಣನ ಕುರ್ಚಿಯ ಪಕ್ಕ ತಂಗಿಯ ಕುರ್ಚಿ. ಮನೆಯಲ್ಲೂ ಹಾಗೆಯೇ, ಅಣ್ಣ ಮಹಡಿಯ ಮೇಲೆ, ತಂಗಿ ಕೆಳಗೆ.

ಆ ಮನೆಯವರಿಗೆ ಒಂದು ಅಭ್ಯಾಸ. ಅವರ ಅಪ್ಪನಿಂದ ಬಂದದ್ದು. ರಾತ್ರಿ ಬಾಗಿಲಿಗೆ ಬೀಗ ಹಾಕಿ ಎರಡು ಸಲ ಎಳೆದು ನೋಡಿದ ಮೇಲೆ ಇನ್ನೊಂದು ಸಲ ಎಳೆಯುತ್ತಿದ್ದರಂತೆ, "ಇದು ಧೈರ್ಯಕ್ಕೆ" ಎಂದು. ಪ್ರಯಾಣಕ್ಕೆ ಮೂರು ಅಂಗಿ ಸಾಕಾದರೆ ನಾಲ್ಕನೆಯದು ಧೈರ್ಯಕ್ಕೆ. ಅಕ್ಕ ಇವತ್ತಿಗೂ ಮೇಜಿನ ಖಾನೆಯಲ್ಲಿ ಒಂದು ಪೆನ್ನು ಹೆಚ್ಚಿಗೆ ಇಟ್ಟಿರುತ್ತಾರೆ. ನಾನು ಕೇಳಿದರೆ ಕೊಡುವುದಿಲ್ಲ, ಅದು ಧೈರ್ಯದ ಪೆನ್ನು.

ಅಕ್ಕ ಸೇರಿದ ಮೊದಲ ವರ್ಷ ಒಂದು ಎಡವಟ್ಟು ಮಾಡಿದರು. ಸಾಫ್ಟ್‌ವೇರ್ ತೆಗೆದುಹಾಕುವಾಗ ಅದರ ಫೋಲ್ಡರ್ ಪೂರ್ತಿ ಅಳಿಸು ಎಂಬ ಒಂದು ಚೌಕಕ್ಕೆ ಟಿಕ್ ಹಾಕಿಬಿಟ್ಟರು. ಹಳೆಯದನ್ನು ತೆಗೆದು ಹೊಸದು ಹಾಕಿಕೊಳ್ಳಲು ಹೋದ ಇಟ್ಟಿಗೆ ಗೂಡಿನವರ ನಾಲ್ಕು ವರ್ಷದ ಚೀಟಿಗಳು ಒಂದೇ ನಿಮಿಷದಲ್ಲಿ ನಾಮಾವಶೇಷ. ಯಜಮಾನರು ಕೆಂಡವಾಗಿ ಬಂದು ನಿಂತಾಗ ದೊಡ್ಡಣ್ಣ ತಲೆಯೆತ್ತದೆ, "ನಾನೇ ಮಾಡಿದ್ದು" ಎಂದರು. ಅಷ್ಟೇ. ಆಮೇಲೆ ಯಾವತ್ತೂ ಅದನ್ನು ತಂಗಿಯ ಮುಂದೆ ಎತ್ತಲಿಲ್ಲ. ನಾನಾಗಿದ್ದರೆ ವಾರಕ್ಕೊಮ್ಮೆ ಎತ್ತುತ್ತಿದ್ದೆ.

ದೊಡ್ಡಣ್ಣ ಇನ್‌ಸ್ಟಾಲರ್ ಕಟ್ಟುತ್ತಿದ್ದದ್ದು ಒಂದು ಕಂಪನಿ ಮಾರುತ್ತಿದ್ದ ಟೂಲ್‌ನಲ್ಲಿ. ಲೈಸೆನ್ಸ್ ಇದ್ದವರಿಗೆ ಮಾತ್ರ ತೆರೆದುಕೊಳ್ಳುವಂಥದ್ದು. ಹದಿನಾಲ್ಕು ವರ್ಷ ಅದರಲ್ಲೇ ಕೈ ಪಳಗಿಸಿಕೊಂಡಿದ್ದರು. ಆರು ವರ್ಷದ ಕೆಳಗೆ ಒಂದು ದಿನ ಆ ಕಂಪನಿಯನ್ನು ಇನ್ಯಾರೋ ಕೊಂಡರು, ಕೊಂಡವರು ಆ ಟೂಲ್ ಸಾಕೆಂದು ಮುಚ್ಚಿದರು. ಲೈಸೆನ್ಸ್ ಪರೀಕ್ಷೆ ಮಾಡುವ ಅವರ ಕಂಪ್ಯೂಟರ್ ಎಲ್ಲೋ ದೂರದಲ್ಲಿ ಆರಿಹೋಯಿತು. ಇಲ್ಲಿ ದೊಡ್ಡಣ್ಣ ತಮ್ಮ ಫೈಲನ್ನು ತೆರೆಯಲು ಹೋದರೆ ತೆರೆಯಲಿಲ್ಲ. ಒಂದು ವಾರ ಹೆಣಗಿದರು. ಕಾಗದ ಬರೆದರು, ಫೋನ್ ಮಾಡಿದರು. ಆ ಕಡೆ ಸಂಗೀತ ಕೇಳಿಸುತ್ತಿತ್ತೇ ಹೊರತು ಮನುಷ್ಯರು ಯಾರೂ ಸಿಗಲಿಲ್ಲ. ಕಟ್ಟಿ ಕಳಿಸಿದ್ದ ಹಳೆಯ ಇನ್‌ಸ್ಟಾಲರ್ ಓಡುತ್ತಿತ್ತು, ಆದರೆ ಅದರೊಳಗೆ ಒಂದು ಅಕ್ಷರ ಬದಲಾಯಿಸಲೂ ಆಗುತ್ತಿರಲಿಲ್ಲ.

ಎಂಟನೆಯ ದಿನ ಅಕ್ಕ ಬಾಯಿ ಬಿಟ್ಟರು.

"ಸಾಕು ಬಿಡು ಅಣ್ಣ. ಓಪನ್ ಸೋರ್ಸ್ ಟೂಲ್ ಇದೆ, ಅದರಲ್ಲಿ ಮೊದಲಿಂದ ಕಟ್ಟೋಣ. ನಾನು ಕಲ್ತಿದ್ದೀನಿ."

"ಪುಕ್ಕಟೆ ಸಿಗೋದನ್ನ ನಂಬ್ಕೊಂಡು ಲಾರಿ ತೂಗ್ತೀಯಾ?"

"ಪುಕ್ಕಟೆ ಅಂತ ಅಲ್ಲ. ಅದರ ಹೊಟ್ಟೇಲಿ ಏನಿದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು. ನಾವು ಬರೆಯೋದೂ ಸಾದಾ ಅಕ್ಷರದಲ್ಲಿರುತ್ತೆ. ಇದನ್ನ ನೋಡು, ನೀನು ಮಾಡಿದ್ದನ್ನ ನೀನೇ ಬಿಚ್ಚೋಕಾಗ್ತಿಲ್ಲ."

"ನನ್ನ ಹದಿನಾಲ್ಕು ವರ್ಷದ ಕೆಲಸ ಇದರೊಳಗಿದೆ ಕಣೇ."

"ಹದಿನಾಲ್ಕು ವರ್ಷ ಬಾಡಿಗೆ ಮನೆಗೆ ಸುಣ್ಣ ಹೊಡ್ದೆ, ಅಷ್ಟೇ."

ಅಂದದ್ದು ಸುಳ್ಳಾಗಿದ್ದರೆ ಏನೂ ಆಗುತ್ತಿರಲಿಲ್ಲ. ನಾನು, ಯಜಮಾನರು, ಒಳಗಿನ ಕೋಣೆಯ ಮೂವರು, ಎಲ್ಲರ ಎದುರಿಗೆ ಅಂದದ್ದು. ದೊಡ್ಡಣ್ಣ ಮಾನಿಟರ್ ಆರಿಸಿ, ಟಿಫಿನ್ ಡಬ್ಬಿ ತೆಗೆದುಕೊಂಡು, ಮೆಟ್ಟಿಲಿಳಿದು ಹೋದರು. ಅಕ್ಕ ನಾಲಿಗೆ ಕಚ್ಚಿಕೊಂಡರು, ಆದರೆ ಎದ್ದು ಹಿಂದೆ ಹೋಗಲಿಲ್ಲ. ಸಂಜೆ ಮನೆಯಲ್ಲಿ ಹೇಗೂ ಸಿಗುತ್ತಾನೆ ಎಂದುಕೊಂಡರಂತೆ. ಸಂಜೆ ಮಹಡಿಯ ಬಾಗಿಲು ಒಳಗಿನಿಂದ ಹಾಕಿತ್ತು. ಎರಡು ತಿಂಗಳಲ್ಲಿ ದೊಡ್ಡಣ್ಣ ಕೆಲಸ ಬಿಟ್ಟು, ಹೆಂಡತಿಯ ತವರಿನ ಕಡೆ ಹೊರಟುಹೋದರು. ಅದು ಸಮುದ್ರದ ಆಚೆ. ಇಲ್ಲಿ ಬೆಳಗಾದಾಗ ಅಲ್ಲಿ ಇನ್ನೂ ನಡುರಾತ್ರಿ.

ಅಕ್ಕ ಫೋನ್ ಮಾಡದೆ ಇರಲಿಲ್ಲ. ಪ್ರತಿ ಸಲ ಎತ್ತುವವರು ಅತ್ತಿಗೆ. ಒಳ್ಳೆಯ ಹೆಂಗಸು, ಸುಳ್ಳು ಹೇಳಲು ಬರುವುದಿಲ್ಲ, ಆದ್ದರಿಂದ ಒಂದೇ ಸುಳ್ಳನ್ನು ಮತ್ತೆ ಮತ್ತೆ ಹೇಳುತ್ತಾರೆ: "ಅವರು ಮಲಗಿದ್ದಾರೆ." ಬೆಳಿಗ್ಗೆ ಮಾಡಿದರೂ ಮಲಗಿದ್ದಾರೆ, ಸಂಜೆ ಮಾಡಿದರೂ ಮಲಗಿದ್ದಾರೆ. ಹೀಗೆ ವರ್ಷಗಟ್ಟಲೆ ಮಲಗಿದ ಮನುಷ್ಯನನ್ನು ನಾನು ಇನ್ನೆಲ್ಲೂ ಕೇಳಿಲ್ಲ ಎಂದು ಅಕ್ಕನ ಮುಂದೆ ತಮಾಷೆ ಮಾಡಿದೆ. ಅಕ್ಕ ನಕ್ಕರು. ನಕ್ಕು ಮುಗಿಸಿ, "ನಂಗೆ ಅವನು ಬೇಕು ಕಣೇ" ಎಂದರು. ನಾನು ಆಮೇಲೆ ಆ ತಮಾಷೆ ಮಾಡಲಿಲ್ಲ.

ಮಹಡಿಯ ಮನೆಯನ್ನು ಬಾಡಿಗೆಗೆ ಕೊಡೋಣ ಎಂದು ಅಕ್ಕನ ಗಂಡ ಆಗಾಗ ಹೇಳುತ್ತಾರೆ. ಅಣ್ಣನ ಸಾಮಾನಿದೆ, ಆಗಲ್ಲ ಎಂದು ಅಕ್ಕ ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಾರೆ. ನಾನು ಒಮ್ಮೆ ಹೋಗಿ ನೋಡಿದೆ. ಒಂದು ತಿರುಗದ ಫ್ಯಾನು, ಮೊಳೆಗೆ ನೇತುಹಾಕಿದ ಒಂದು ಖಾಲಿ ಚೀಲ. ಅಷ್ಟೇ ಸಾಮಾನು. ನೆಲ ಮಾತ್ರ ಆಗಷ್ಟೇ ಒರೆಸಿದ ಹಾಗಿತ್ತು.

ಇನ್‌ಸ್ಟಾಲರ್ ಕಟ್ಟುವ ಕೆಲಸ ಅಕ್ಕನ ಹೆಗಲಿಗೆ ಬಿತ್ತು. ಅಣ್ಣನ ಫೈಲು ತೆರೆಯುವುದಿಲ್ಲ, ಅಣ್ಣ ಫೋನ್ ಎತ್ತುವುದಿಲ್ಲ. ಉಳಿದದ್ದು ಒಂದೇ ದಾರಿ. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲಿ ಅಣ್ಣ ಕಟ್ಟಿದ್ದ ಇನ್‌ಸ್ಟಾಲರನ್ನು ಓಡಿಸುವುದು, ಅದು ಏನೇನು ಮಾಡುತ್ತದೆ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಬರೆದುಕೊಳ್ಳುವುದು, ಎಲ್ಲ ಅಳಿಸಿ ಮತ್ತೆ ಓಡಿಸುವುದು. ಹೀಗೆ ಏಳು ತಿಂಗಳು. ಗೋಡೆಗೆ ಅಂಟಿಸಿದ ಹಾಳೆಗಳು ಕಿಟಕಿಯ ತನಕ ಬಂದವು. ಒಟ್ಟು ಅರವತ್ತಮೂರು ಹೆಜ್ಜೆ. ಒಂದೊಂದನ್ನೂ ಅಕ್ಕ ಹೊಸ ಟೂಲ್‌ಗೆ ಸಾದಾ ಅಕ್ಷರದಲ್ಲಿ ಬರೆದರು.

ಅದರಲ್ಲಿ ಒಂದು ಅನುಕೂಲವಿದೆ. ಸಾಲಿನ ಮುಂದೆ ಒಂದು ಅರ್ಧವಿರಾಮ ಹಾಕಿದರೆ ಕಂಪ್ಯೂಟರ್ ಆ ಸಾಲನ್ನು ಓದದೆ ದಾಟಿಹೋಗುತ್ತದೆ. ಅದು ಮನುಷ್ಯರು ಓದಲಿಕ್ಕೆ. ಅಕ್ಕ ಪ್ರತಿ ಹೆಜ್ಜೆಯ ಮೇಲೂ ಅರ್ಧವಿರಾಮ ಹಾಕಿ, ಇದು ಯಾಕೆ ಎಂದು ಬರೆದರು. ಮುಂದೆ ಬರುವವರು ತನ್ನ ಹಾಗೆ ಕುರುಡಾಗಿ ತಡಕಾಡಬಾರದು ಎಂದು. ಆದರೆ ಒಂಬತ್ತು ಕಡೆ ಯಾಕೆ ಎಂಬುದು ಅಕ್ಕನಿಗೇ ಹೊಳೆಯಲಿಲ್ಲ. ಏನು ಮಾಡುತ್ತದೆ ಎಂದು ಕಾಣುತ್ತಿತ್ತು, ಅಣ್ಣನ ತಲೆಯಲ್ಲಿ ಏನಿತ್ತು ಎಂದು ಕಾಣುತ್ತಿರಲಿಲ್ಲ.

ಒಂದು ಹೆಜ್ಜೆ ಹೀಗಿತ್ತು: ಎಲ್ಲ ಕೂರಿಸಿದ ಮೇಲೆ, ತೂಕದ ಡಬ್ಬಿಯನ್ನು ಮಾತಾಡಿಸುವ ಮುಂಚೆ ಹನ್ನೊಂದು ಸೆಕೆಂಡು ಸುಮ್ಮನೆ ಕಾಯಬೇಕು. ಪ್ರತಿದಿನ ಸಾಫ್ಟ್‌ವೇರ್ ಶುರುವಾದಾಗಲೂ ಅಷ್ಟೇ ಕಾಯುವಂತೆ ಅದು ಹೇಳಿಟ್ಟಿರುತ್ತದೆ. ಅಕ್ಕನಿಗೆ ಇದು ದಂಡ ಅನ್ನಿಸಿ ಎರಡು ಸೆಕೆಂಡಿಗೆ ಇಳಿಸಿದರು. ಹತ್ತು ದಿನದಲ್ಲಿ ಗುಜರಿ ಅಂಗಡಿಯವರ ಫೋನು.

"ಅಮ್ಮ, ದಿನಾ ಬೆಳಿಗ್ಗೆ ಬರೋ ಮೊದಲನೇ ಗಾಡಿಗೆ ಹಿಂದಿನ ಸಂಜೆ ಬಂದಿದ್ದ ಕೊನೇ ಗಾಡಿ ತೂಕಾನೇ ಬರ್ತಿದೆ. ನಿನ್ನೆ ಸಂಜೆ ಲಾರಿ, ಇವತ್ತು ಬೆಳಿಗ್ಗೆ ಆಟೋ. ಎರಡಕ್ಕೂ ಒಂಬತ್ತು ಟನ್."

"ಆಟೋ ಒಂಬತ್ತು ಟನ್ನಾ?"

"ಹೂಂ. ನಿಮ್ಮ ಕಂಪ್ಯೂಟರ್‌ಗೆ ಇನ್ನೂ ನಿನ್ನೆ ಲಾರಿ ಮೇಲೇ ಮನಸ್ಸು."

ನಾನು ಇದನ್ನು ಅಕ್ಕನಿಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕ ನಗಲಿಲ್ಲ. ಹಳೆಯ ತೂಕದ ಡಬ್ಬಿಗಳು ಎಚ್ಚರವಾದ ಕೂಡಲೇ ಸೊನ್ನೆಗೆ ಬರುವುದಿಲ್ಲ, ಸ್ವಲ್ಪ ಹೊತ್ತು ಹಿಂದಿನ ದಿನದ ತೂಕವನ್ನೇ ಹಿಡಿದುಕೊಂಡಿರುತ್ತವೆ. ಅಕ್ಕ ಗಡಿಯಾರ ಹಿಡಿದು ಪರೀಕ್ಷೆ ಮಾಡಿದರು. ಹತ್ತು ಸೆಕೆಂಡು ಬೇಕು. ಹಾಗಾದರೆ ಹನ್ನೊಂದು ಯಾಕೆ? ಅಣ್ಣ ಲೆಕ್ಕ ತಪ್ಪುವವನಲ್ಲ. ಅಕ್ಕ ಹನ್ನೊಂದನ್ನೇ ವಾಪಸ್ ಹಾಕಿ, ಮೇಲೆ ಅರ್ಧವಿರಾಮದ ಸಾಲು ಬರೆದರು: "ಹತ್ತು ಸಾಕು. ಹನ್ನೊಂದು ಯಾಕೆ, ಗೊತ್ತಿಲ್ಲ. ಗೊತ್ತಿದ್ದವರು ಹೇಳಿ." ಉಳಿದ ಎಂಟು ಕಡೆಯೂ ಇಂಥದ್ದೇ ಸಾಲು.

ಗೊತ್ತಿದ್ದವರು ಎಂದರೆ ಯಾರು ಎಂದು ಆ ಆಫೀಸಿನಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ.

ಆಮೇಲೆ ಯಜಮಾನರನ್ನು ಕೇಳಿ ಆ ಇಡೀ ಫೈಲನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟರು. "ಸೆಟಪ್ ಫೈಲಲ್ಲಿ ಏನಮ್ಮ ಗುಟ್ಟು, ಇಡು" ಎಂದು ಅವರು ಕೈಯಾಡಿಸಿದರು. ಯಾರು ಬೇಕಾದರೂ ಓದಬಹುದು, ತೆಗೆದುಕೊಂಡು ಹೋಗಬಹುದು, ಹೀಗೆ ತಿದ್ದಿದರೆ ಒಳ್ಳೆಯದು ಎಂದು ತಿದ್ದುಪಡಿ ಕಳಿಸಬಹುದು. ಅಕ್ಕ ಒಪ್ಪಿದರೆ ಅದು ಸೇರಿಕೊಳ್ಳುತ್ತದೆ. ಮುಂದಿನ ಸಲ ಅತ್ತಿಗೆಗೆ ಫೋನ್ ಮಾಡಿದಾಗ ಅಕ್ಕ ಇದನ್ನೂ ಹೇಳಿದರು. "ಎಲ್ಲಾ ಬಯಲಲ್ಲೇ ಇಟ್ಟಿದ್ದೀನಿ ಅತ್ತಿಗೆ. ಮಲಗಿರೋರು ಎದ್ದಾಗ ಹೇಳಿ."

ನಾಲ್ಕು ವರ್ಷ ಏನೂ ಆಗಲಿಲ್ಲ. ಏನೂ ಇಲ್ಲವೆಂದಲ್ಲ, ಯಾವುದೋ ದೇಶದ ಯಾರೋ ಹತ್ತಿ ತೂಗುವವರು ಅಕ್ಕನ ಫೈಲು ತೆಗೆದುಕೊಂಡು ಉಪಯೋಗಿಸಿ ಥ್ಯಾಂಕ್ಸ್ ಬರೆದರು, ಇನ್ಯಾರೋ ಒಂದು ತಪ್ಪು ತೋರಿಸಿಕೊಟ್ಟರು. ಅಕ್ಕ ಎಲ್ಲರಿಗೂ ಉತ್ತರ ಬರೆಯುತ್ತಿದ್ದರು. ಆದರೆ ಬೆಳಿಗ್ಗೆ ಬಂದ ಕೂಡಲೇ ಚೀಲ ಹೆಗಲಿನಿಂದ ಇಳಿಸುವ ಮುಂಚೆ ಆ ಪುಟ ತೆರೆಯುತ್ತಿದ್ದರಲ್ಲ, ಅದು ಹತ್ತಿಯವರಿಗಾಗಿ ಅಲ್ಲ.

ಹೋದ ವರ್ಷ ಒಂದು ಬುಧವಾರ ನಾನು ಫೋನಿನಲ್ಲಿ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದೆ. ಅಕ್ಕ ಬಂದು ನನ್ನ ಭುಜ ಹಿಡಿದುಕೊಂಡರು. ಒಂದು ತಿದ್ದುಪಡಿ ಬಂದಿತ್ತು. ಕಳಿಸಿದವರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ನಾಲ್ಕು ಅಕ್ಷರ, ಮೂರು ಅಂಕಿ. ಹನ್ನೊಂದು ಸೆಕೆಂಡಿನ ಮೇಲಿದ್ದ ಅಕ್ಕನ ಸಾಲನ್ನು ತೆಗೆದು ಅಲ್ಲಿ ಹೀಗೆ ಬರೆದಿತ್ತು:

"; ಹತ್ತು ಡಬ್ಬಿಗೆ. ಒಂದು ಧೈರ್ಯಕ್ಕೆ."

ಅಕ್ಕ ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದು, ಮುಖ ಒರೆಸಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಒಪ್ಪಿಗೆ ಒತ್ತಿದರು. ಉತ್ತರ ಏನಾದರೂ ಬರೆಯಿರಿ ಎಂದೆ. "ಬೇಡ. ಬೆದರಿ ಓಡಿಹೋದ್ರೆ?" ಎಂದರು.

ಆಮೇಲೆ ಎರಡು ಮೂರು ವಾರಕ್ಕೊಂದರಂತೆ ಉಳಿದವೂ ಬಂದವು. ಎಲ್ಲವೂ ಒಂದೊಂದೇ ಸಾಲು. ಖಾಲಿ ಫೋಲ್ಡರಿನಲ್ಲಿ ಯಾಕೆ ಒಂದು ಉಪಯೋಗವಿಲ್ಲದ ಫೈಲು ಎಂಬುದಕ್ಕೆ: "ಗುಜರಿಯವರಿಗೆ ಖಾಲಿ ಫೋಲ್ಡರ್ ಕಂಡರೆ ಅಳಿಸೋ ಚಟ. ಒಳಗೆ ಏನಾದರೂ ಇದ್ದರೆ ಹೆದರ್ತಾರೆ." ಅಕ್ಷರ ಯಾಕೆ ಇಷ್ಟು ದಪ್ಪ ಎಂಬುದಕ್ಕೆ: "ಕ್ವಾರಿ. ಮಾನಿಟರ್ ಮೇಲೆ ಧೂಳು. ಒರೆಸಲ್ಲ." ಕೊನೆಗೆ ಯಾಕೆ ಒಂದು ಖಾಲಿ ಚೀಟಿ ಅಚ್ಚಾಗುತ್ತದೆ ಎಂಬುದಕ್ಕೆ: "ಪೇಪರ್ ಇಲ್ಲ ಅನ್ನೋದು ಲಾರಿ ಬಂದಮೇಲೆ ಗೊತ್ತಾಗಬಾರದು." ಅಕ್ಕ ಒಂದೊಂದನ್ನೂ ಗಟ್ಟಿಯಾಗಿ ಓದಿ ನನಗೆ ಹೇಳುತ್ತಿದ್ದರು, ಊರಿನಿಂದ ಕಾಗದ ಬಂದವರ ಹಾಗೆ. ದೊಡ್ಡಣ್ಣ ಎಷ್ಟು ವೇಬ್ರಿಡ್ಜ್‌ಗಳ ಪಕ್ಕ ಎಷ್ಟು ದಿನ ಕುಳಿತು ಇವನ್ನೆಲ್ಲ ಕಂಡುಕೊಂಡಿದ್ದರೋ. ಆ ಟೂಲ್‌ನಲ್ಲಿ ಟಿಕ್ ಹಾಕಲು ಚೌಕವಿತ್ತು, ಯಾಕೆ ಎಂದು ಬರೆಯಲು ಜಾಗವಿರಲಿಲ್ಲ.

ಒಂಬತ್ತನೆಯ ಉತ್ತರ ಬಂದ ದಿನ ಅಕ್ಕನ ಮುಖ ಸಪ್ಪಗಾಯಿತು.

"ಮುಗೀತು. ಇನ್ನು ಕೇಳೋಕೆ ಏನೂ ಉಳಿದಿಲ್ಲ."

"ಫೋನ್ ಮಾಡಿ ಅಕ್ಕ."

"ಮಲಗಿರ್ತಾನೆ."

ಒಂದು ತಿಂಗಳು ಏನೂ ಬರಲಿಲ್ಲ. ಎಲ್ಲಕ್ಕೂ ಉತ್ತರ ಸಿಕ್ಕ ಫೈಲು ಅದು, ಬರಲು ಏನಿದೆ? ಅಕ್ಕ ಮೊದಲಿಗಿಂತ ಸಣ್ಣಗಾದರು. ಮಧ್ಯಾಹ್ನದ ಡಬ್ಬಿ ಅರ್ಧ ಹಾಗೇ ಮನೆಗೆ ಹೋಗುತ್ತಿತ್ತು. ಒಂದು ದಿನ ನಾನು ಏನೋ ಕೇಳಲು ಅವರ ಬೆನ್ನ ಹಿಂದೆ ಹೋಗಿ ನಿಂತೆ. ಪರದೆಯ ಮೇಲೆ ಹೊಸ ಅರ್ಧವಿರಾಮದ ಸಾಲೊಂದಿತ್ತು.

"; ಸಾಫ್ಟ್‌ವೇರ್ ತೆಗೆಯುವಾಗ ಚೀಟಿಗಳ ಫೋಲ್ಡರ್ ಮುಟ್ಟಬಾರದು. ಯಾಕೆ, ಗೊತ್ತಿಲ್ಲ. ಗೊತ್ತಿದ್ದವರು ಹೇಳಿ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಇಟ್ಟಿಗೆ ಗೂಡಿನವರ ನಾಲ್ಕು ವರ್ಷದ ಚೀಟಿ ಅಳಿಸಿದವರೇ ಅಕ್ಕ. ಆ ಫೋಲ್ಡರ್ ಯಾಕೆ ಮುಟ್ಟಬಾರದು ಎಂದು ಈ ಭೂಮಿಯ ಮೇಲೆ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆ ತಪ್ಪನ್ನು ಹೊಟ್ಟೆಯಲ್ಲಿ ಹಾಕಿಕೊಂಡವರನ್ನೇ ಈಗ ಗೊತ್ತಿಲ್ಲದವಳ ಹಾಗೆ ಕೇಳುತ್ತಿದ್ದರು. ನಾನು ನನ್ನ ಜಾಗಕ್ಕೆ ವಾಪಸ್ ಬಂದೆ.

ಮೂರನೆಯ ದಿನ ಉತ್ತರ ಬಂತು.

"; ಇದು ನಿಂಗೊತ್ತು. ಬೇರೆ ಕೇಳು."

ಅಕ್ಕ ಅದನ್ನು ನನಗೆ ಓದಿ ಹೇಳಲಿಲ್ಲ, ತೋರಿಸಿದರು. ಒಪ್ಪಿಗೆಯನ್ನೂ ಒತ್ತಲಿಲ್ಲ. ಆ ದಿನ ಇಡೀ ಆ ಪುಟ ತೆರೆದೇ ಇತ್ತು. ಮರುದಿನವೂ. ಬೇರೆ ಕೇಳು ಎಂದರೆ ಏನು ಕೇಳುವುದು? ಸುಣ್ಣದ ಮಾತಿಗೆ ಕ್ಷಮೆ ಕೇಳಿ ಎಂದು ನಾನು ಮೂಗು ತೂರಿಸಿದೆ. "ಕ್ಷಮೆ ಕೇಳಿದ್ರೆ ಪರವಾಗಿಲ್ಲ ಬಿಡು ಅಂತಾನೆ. ಅಲ್ಲಿಗೆ ಮಾತು ಮುಗಿಯುತ್ತೆ" ಎಂದರು. ನಾಲ್ಕು ದಿನ ಬರೆದು ಅಳಿಸಿದರು, ಬರೆದು ಅಳಿಸಿದರು. ಶುಕ್ರವಾರ ಸಂಜೆ ಟೈರ್ ಅಂಗಡಿಯವರು ಶಟರ್ ಎಳೆಯುವ ಹೊತ್ತಿಗೆ ಹನ್ನೊಂದು ಸೆಕೆಂಡಿನ ಸಾಲಿನ ಕೆಳಗೆ ಒಂದು ಸಾಲು ಹಾಕಿ, ಹೊರಗೆ ಕಳಿಸಿ, ಕಂಪ್ಯೂಟರ್ ಆರಿಸಿ ಎದ್ದುಬಿಟ್ಟರು. ಮೆಟ್ಟಿಲಲ್ಲಿ ಏನು ಬರೆದಿರಿ ಎಂದರೆ ಹೇಳಲಿಲ್ಲ. ನಾನು ಬಸ್ಸಿನಲ್ಲಿ ಮೊಬೈಲ್ ತೆಗೆದು ನೋಡಿದೆ. ಎಲ್ಲರಿಗೂ ಕಾಣುವ ಫೈಲು ತಾನೆ.

"; ಊಟ ಆಯ್ತಾ ಅಣ್ಣ?"

ಶನಿವಾರ ಇಲ್ಲ. ಭಾನುವಾರ ನಾನು ಮನೆಯಲ್ಲಿ ಕುಳಿತು ಏಳೆಂಟು ಸಲ ನೋಡಿದೆ, ಇಲ್ಲ. ಅಕ್ಕ ಎಷ್ಟು ಸಲ ನೋಡಿದರೋ.

ಸೋಮವಾರ ಒಂಬತ್ತಕ್ಕೆ ಅಕ್ಕ ಬಂದರು. ಚೀಲ ಹೆಗಲಲ್ಲೇ ಇತ್ತು. ನಾನು ಫೋನ್ ಪಕ್ಕಕ್ಕಿಟ್ಟು ಅವರ ಕುರ್ಚಿಯ ಹಿಂದೆ ಹೋಗಿ ನಿಂತೆ. ಪುಟ ತೆರೆಯಿತು. ಅಕ್ಕನ ಸಾಲಿನ ಕೆಳಗೆ ಇನ್ನೊಂದು ಸಾಲು.

"; ಇನ್ನೂ ಇಲ್ಲ. ನಿಂದು?"

ಅಕ್ಕ ಅದನ್ನು ಎರಡು ಸಲ ಓದಿದರು. ಮತ್ತೊಂದು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು. ಆರು ವರ್ಷದಲ್ಲಿ ಆ ಮುಖದ ಮೇಲೆ ನಾನು ನೋಡಿರದಿದ್ದ ಒಂದು ಸಿಡುಕು ಬಂದಿತ್ತು.

"ಇನ್ನೂ ಊಟ ಮಾಡಿಲ್ವಂತೆ ನೋಡೇ. ಇಷ್ಟು ಹೊತ್ತಾದ್ರೂ."

ಪಕ್ಕದಲ್ಲಿ ಸಮಯ ತೋರಿಸುತ್ತಿತ್ತು. ಅದನ್ನು ಬರೆದು ಆರು ಗಂಟೆಯಾಗಿತ್ತು. ಅಲ್ಲಿ ಈಗ ನಡುರಾತ್ರಿ, ಊಟ ಮಾಡಿ ಮಲಗಿರುತ್ತಾರೆ, ಈ ಸಲ ನಿಜವಾಗಿಯೂ ಮಲಗಿರುತ್ತಾರೆ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಅರ್ಧವಿರಾಮ ಒತ್ತಿ ಅಣ್ಣನನ್ನು ಬೈಯಲು ಶುರುಮಾಡಿದ್ದರು.